ವಲಸಿಗರು ಬಂದರೆ ರೌಡಿಸಂ ಬರುತ್ತದೆಯೇ? ಚಿಕಾಗೋದ ಗ್ಯಾಂಗುಗಳ ಕಥೆ ಏನು ಹೇಳುತ್ತದೆ

"ಅವರು ಬರುವ ಮೊದಲು ನಮ್ಮೂರಲ್ಲಿ ಕಳ್ಳತನವೂ ಇರಲಿಲ್ಲ, ರೌಡಿಗಳೂ ಇರಲಿಲ್ಲ. ಎಲ್ಲ ಗ್ರೂಪಿಗೂ ಕಳಿಸಿ." ಈ ಧಾಟಿಯ ಸಂದೇಶ ನಿಮ್ಮ ಫೋನಿಗೂ ಬಂದಿರುತ್ತದೆ. ಒಮ್ಮೆ ಒಂದು ರಾಜ್ಯದವರ ಹೆಸರು, ಇನ್ನೊಮ್ಮೆ ಇನ್ನೊಂದು ಭಾಷೆಯವರ ಹೆಸರು. ಉಳಿದ ಒಕ್ಕಣೆ ಹಾಗೇ ಇರುತ್ತದೆ.

ಇದನ್ನು 'ಸುಳ್ಳು' ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಗಡಿಬಿಡಿಯಲ್ಲಿ ಬೆಳೆಯುವ ಊರುಗಳಲ್ಲಿ, ಅದರಲ್ಲೂ ಹೊಸಬರು ಬಂದು ತುಂಬಿಕೊಳ್ಳುವ ಕೇರಿಗಳಲ್ಲಿ, ಹುಡುಗರ ಗ್ಯಾಂಗುಗಳು ಹುಟ್ಟಿಕೊಂಡಿರುವುದು ನಿಜ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಈ ಗ್ಯಾಂಗನ್ನು ಜನ ತಮ್ಮ ಗಂಟುಮೂಟೆಯ ಜೊತೆಗೇ ಹೊತ್ತು ತರುತ್ತಾರಾ? ಅಥವಾ ಬಂದು ಇಳಿದ ಜಾಗದಲ್ಲಿ ಅದು ಹುಟ್ಟುತ್ತದಾ?

ಇದಕ್ಕೆ ಊಹೆಯ ಮೇಲೆ ಉತ್ತರ ಕೊಡಬೇಕಾಗಿಲ್ಲ. ಒಂದು ನಗರದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಇದನ್ನು ಎಣಿಸಿದ್ದಾರೆ, ನಕ್ಷೆಯ ಮೇಲೆ ಗುರುತು ಹಾಕಿದ್ದಾರೆ. ಆ ನಗರ ಅಮೆರಿಕದ ಚಿಕಾಗೋ.

350 ಜನರ ಊರು 33 ಲಕ್ಷವಾದಾಗ

ಚಿಕಾಗೋ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 1893ರ ವಿವೇಕಾನಂದರ ಭಾಷಣ. ಅವರು ಅಲ್ಲಿಗೆ ಹೋಗುವುದಕ್ಕೆ ಅರವತ್ತು ವರ್ಷ ಮೊದಲು, 1833ರಲ್ಲಿ, ಅದು ಸುಮಾರು 350 ಜನರಿದ್ದ ಕೆಸರುಗದ್ದೆಯಂಥ ಊರು. 1890ಕ್ಕೆ ಜನಸಂಖ್ಯೆ 11 ಲಕ್ಷದ ಹತ್ತಿರ ಬಂದಿತ್ತು, 1930ಕ್ಕೆ 33 ಲಕ್ಷ ದಾಟಿತ್ತು. ವಿವೇಕಾನಂದರು ಕಂಡ ಚಿಕಾಗೋದಲ್ಲಿ ಪ್ರತಿ ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮಂದಿ ಹೊರದೇಶದಲ್ಲಿ ಹುಟ್ಟಿದವರು, ಇಲ್ಲವೇ ಅಂಥವರ ಮಕ್ಕಳು.

ಮೊದಲು ಬಂದವರು ಐರಿಶ್ ಜನ, ಜರ್ಮನರು, ಸ್ವೀಡನ್ನಿನವರು. 1880ರ ನಂತರ ಪೋಲೆಂಡ್, ಇಟಲಿ, ಲಿಥುವೇನಿಯಾ ಕಡೆಯವರು, ರಷ್ಯಾದಿಂದ ಬಂದ ಯಹೂದಿಗಳು. ಎಲ್ಲರನ್ನೂ ಎಳೆದದ್ದು ಕೆಲಸ. ರೈಲು, ಉಕ್ಕಿನ ಕಾರ್ಖಾನೆ, ಎಲ್ಲಕ್ಕಿಂತ ಹೆಚ್ಚಾಗಿ 1865ರಲ್ಲಿ ಶುರುವಾದ ಯೂನಿಯನ್ ಸ್ಟಾಕ್ ಯಾರ್ಡ್ಸ್ ಎಂಬ ದನ-ಹಂದಿಗಳ ಭಾರೀ ಮಾರುಕಟ್ಟೆ ಮತ್ತು ಅದರ ಸುತ್ತಲಿನ ಕಸಾಯಿಖಾನೆಗಳು. ಅದರ ಹಿಂದಿನ ಕಾರ್ಮಿಕರ ಕೇರಿಗೆ 'ಬ್ಯಾಕ್ ಆಫ್ ದಿ ಯಾರ್ಡ್ಸ್' ಎಂದೇ ಹೆಸರು. ಕಸಾಯಿಖಾನೆಯ ರಕ್ತ, ಕೊಬ್ಬು ಎಲ್ಲ ಹರಿದು ಸೇರುತ್ತಿದ್ದ ಹಳ್ಳಕ್ಕೆ 'ಬಬ್ಲಿ ಕ್ರೀಕ್' ಎನ್ನುತ್ತಿದ್ದರು, ಎಂದರೆ ಗುಳ್ಳೆಯೇಳುವ ಹಳ್ಳ. ಕೊಳೆತ ಮಾಲಿನಿಂದ ಅದರಲ್ಲಿ ಸದಾ ಗುಳ್ಳೆ ಏಳುತ್ತಿತ್ತು. ಈ ಹಳ್ಳದ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಗ್ಯಾಂಗ್ ಶುರುವಾಗುವುದು ಆಟದಿಂದ

1920ರ ದಶಕದಲ್ಲಿ ಫ್ರೆಡೆರಿಕ್ ಥ್ರಾಷರ್ ಎಂಬ ಸಮಾಜಶಾಸ್ತ್ರಜ್ಞ ಚಿಕಾಗೋದ ಗಲ್ಲಿಗಲ್ಲಿ ಸುತ್ತಿ ಗ್ಯಾಂಗುಗಳ ಲೆಕ್ಕ ಹಿಡಿದರು. 1927ರಲ್ಲಿ ಬಂದ ಅವರ ಪುಸ್ತಕದಲ್ಲಿ 1,313 ಗ್ಯಾಂಗುಗಳ ವಿವರ ಇದೆ. ಅವುಗಳಲ್ಲಿ ಸುಮಾರು 25,000 ಸದಸ್ಯರಿದ್ದರು ಎಂಬುದು ಅವರ ಅಂದಾಜು.

ಈ 1,313 ಎಂಬ ಸಂಖ್ಯೆಯನ್ನು ಹಾಗೇ ಎತ್ತಿ 'ಚಿಕಾಗೋದಲ್ಲಿ ಸಾವಿರದ ಮುನ್ನೂರು ಕ್ರಿಮಿನಲ್ ಗ್ಯಾಂಗ್' ಎಂದು ಬರೆಯುವವರಿದ್ದಾರೆ. ಅದು ತಪ್ಪು. ಥ್ರಾಷರ್ ಎಣಿಸಿದ್ದರಲ್ಲಿ ಓಣಿಯಲ್ಲಿ ಆಡುವ ಹುಡುಗರ ಗುಂಪೂ ಸೇರಿತ್ತು, ಕ್ಲಬ್ಬು ಕಟ್ಟಿಕೊಂಡವರೂ ಸೇರಿದ್ದರು, ನಿಜವಾಗಿ ದರೋಡೆ ಮಾಡುವವರೂ ಸೇರಿದ್ದರು. ಅವರು ಗಮನಿಸಿದ ಮುಖ್ಯ ಸಂಗತಿಯೇ ಅದು. ಗ್ಯಾಂಗ್ ಶುರುವಾಗುವುದು ನಮ್ಮ ಗಲ್ಲಿ ಕ್ರಿಕೆಟ್ ತಂಡದಂಥ ಒಂದು ಗುಂಪಿನಿಂದ. ಪಕ್ಕದ ಬೀದಿಯ ಗುಂಪಿನ ಜೊತೆ ಜಗಳವಾದಾಗ, ಅಂಗಡಿಯವರೋ ಪೊಲೀಸರೋ ಅಟ್ಟಿಸಿಕೊಂಡು ಬಂದಾಗ, 'ನಾವು' ಎಂಬ ಭಾವನೆ ಗಟ್ಟಿಯಾಗುತ್ತದೆ. ಮನೆ, ಶಾಲೆ, ಕೆಲಸ ಇವುಗಳಲ್ಲಿ ಯಾವುದಾದರೂ ಹುಡುಗನನ್ನು ಹಿಡಿದುಕೊಂಡರೆ ಗುಂಪು ತಾನಾಗಿ ಕರಗುತ್ತದೆ. ಹಿಡಿಯದಿದ್ದರೆ ಉಳಿಯುತ್ತದೆ, ಬಲಿಯುತ್ತದೆ.

ಇನ್ನೊಂದು ಸಂಗತಿ ಇಂದಿನ ಫಾರ್ವರ್ಡುಗಳಿಗೆ ನೇರ ಉತ್ತರದಂತಿದೆ. ಸದಸ್ಯರು ಯಾವ ಮೂಲದವರೆಂದು ತಿಳಿದಿದ್ದ 880 ಗ್ಯಾಂಗುಗಳಲ್ಲಿ ಐದರಲ್ಲಿ ಎರಡರಷ್ಟು ಬೆರಕೆ ಗುಂಪುಗಳು. ಪೋಲೆಂಡಿನವರ ಮಗ, ಇಟಲಿಯವರ ಮಗ, ಐರಿಶ್ ಹುಡುಗ ಎಲ್ಲ ಒಂದೇ ಗ್ಯಾಂಗಿನಲ್ಲಿ. ಅವರನ್ನು ಸೇರಿಸಿದ್ದು ಅಪ್ಪ ಯಾವ ದೇಶದವನು ಎಂಬುದಕ್ಕಿಂತ ಮನೆ ಯಾವ ಬೀದಿಯಲ್ಲಿದೆ ಎಂಬುದು.

ವಲಸೆ ಬಂದ ಅಪ್ಪ-ಅಮ್ಮ ಇವರಲ್ಲಿ ಕಾಣುವುದಿಲ್ಲ ಎಂಬುದನ್ನೂ ಗಮನಿಸಿ. ಅವರು ದುಡಿದು ಸುಸ್ತಾದವರು. ಗ್ಯಾಂಗಿಗೆ ಸೇರಿದ್ದು ಹೆಚ್ಚಾಗಿ ಅವರ ಮಕ್ಕಳು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ, ಹಾಗಾಗಿ ಶಾಲೆಯಲ್ಲಿ, ಕಚೇರಿಯಲ್ಲಿ ಮಗನೇ ಮಾತನಾಡಬೇಕು. ಇಂಥ ಮನೆಯಲ್ಲಿ ಅಪ್ಪನ ಮಾತು ನಡೆಯುವುದು ಕಷ್ಟ.

1919: ಗ್ಯಾಂಗು ಯಾರದ್ದು, ಹೊಸಬರು ಯಾರು?

ಮೊದಲನೇ ಮಹಾಯುದ್ಧದ ಹೊತ್ತಿಗೆ ಯುರೋಪಿನಿಂದ ಬರುವವರು ಕಡಿಮೆಯಾದರು, ಕಾರ್ಖಾನೆಗಳಿಗೆ ಆಳು ಬೇಕಿತ್ತು. ಆಗ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಕಪ್ಪುವರ್ಣೀಯರು ಬರತೊಡಗಿದರು. ಇವರು ಪರದೇಶದವರಲ್ಲ, ಅದೇ ದೇಶದ ಪ್ರಜೆಗಳು. ಬಿಹಾರದಿಂದಲೋ ರಾಯಚೂರಿನಿಂದಲೋ ಬೆಂಗಳೂರಿಗೆ ಬಂದಂತೆ. 1910ರಲ್ಲಿ ಚಿಕಾಗೋದಲ್ಲಿ ಸುಮಾರು 44,000 ಇದ್ದ ಕಪ್ಪುವರ್ಣೀಯರ ಸಂಖ್ಯೆ 1920ಕ್ಕೆ 1.09 ಲಕ್ಷವಾಯಿತು.

ಅವರು ವಾಸವಿದ್ದ ಕೇರಿಯ ಪಕ್ಕದಲ್ಲೇ ಐರಿಶ್ ಮೂಲದ ಹುಡುಗರ 'ಅಥ್ಲೆಟಿಕ್ ಕ್ಲಬ್ಬು'ಗಳಿದ್ದವು. ಹೆಸರಿಗೆ ಆಟದ ಕ್ಲಬ್ಬು, ಖರ್ಚಿಗೆ ರಾಜಕಾರಣಿಗಳ ದುಡ್ಡು. ಚುನಾವಣೆ ಬಂದರೆ ಕ್ಲಬ್ಬಿನ ಹುಡುಗರು ಅವರ ಪರ ಓಡಾಡಬೇಕು, ಬೇಕಾದರೆ ಹೊಡೆದಾಡಬೇಕು. 'ರೇಗನ್ಸ್ ಕೋಲ್ಟ್ಸ್' ಎಂಬ ಹೆಸರಾಂತ ಕ್ಲಬ್ಬಿಗೆ ಬೆನ್ನೆಲುಬಾಗಿದ್ದವರು ಫ್ರಾಂಕ್ ರೇಗನ್, ಅಲ್ಲಿನ ಕೌಂಟಿಯ ಚುನಾಯಿತ ಕಮಿಷನರ್. ಈ ವ್ಯವಹಾರ ನಮಗೇನೂ ಹೊಸದಲ್ಲ, ಬಿಡಿ.

1919ರ ಜುಲೈ 27, ಭಾನುವಾರ, ಕಡು ಸೆಕೆ. ಯೂಜೀನ್ ವಿಲಿಯಮ್ಸ್ ಎಂಬ 17 ವರ್ಷದ ಕಪ್ಪು ಹುಡುಗ ಗೆಳೆಯರ ಜೊತೆ ಮಿಶಿಗನ್ ಸರೋವರದಲ್ಲಿ ತೆಪ್ಪದ ಮೇಲೆ ತೇಲುತ್ತಾ ಬಿಳಿಯರು ಈಜುತ್ತಿದ್ದ ದಡದ ಕಡೆ ಬಂದ. ಬಿಳಿಯನೊಬ್ಬ ಕಲ್ಲು ಬೀಸಿದ, ಹುಡುಗ ಮುಳುಗಿ ಸತ್ತ. ಕಲ್ಲು ಬೀಸಿದವನನ್ನು ಬಂಧಿಸಲು ಅಲ್ಲಿದ್ದ ಪೊಲೀಸ್ ಒಪ್ಪಲಿಲ್ಲ. ಗಲಭೆ ಹೊತ್ತಿಕೊಂಡಿತು. ಒಟ್ಟು 38 ಜನ ಸತ್ತರು, 23 ಮಂದಿ ಕಪ್ಪುವರ್ಣೀಯರು, 15 ಮಂದಿ ಬಿಳಿಯರು. ಗಾಯಗೊಂಡವರು 537.

ಗಲಭೆಯ ತನಿಖೆಗೆ ನೇಮಿಸಿದ ಆಯೋಗ 1922ರಲ್ಲಿ ದಪ್ಪ ವರದಿ ಕೊಟ್ಟಿತು. ಈ ಕ್ಲಬ್ಬುಗಳ ಹುಡುಗರು ಇಲ್ಲದಿದ್ದರೆ ಗಲಭೆ ಮೊದಲ ಜಗಳಕ್ಕೇ ಮುಗಿಯುತ್ತಿತ್ತು ಎಂಬುದು ಅದರ ಅಭಿಪ್ರಾಯ. ಫಾರ್ವರ್ಡಿನ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಗ್ಯಾಂಗು ಹೊಸದಾಗಿ ಬಂದವರದ್ದಾಗಿರಲಿಲ್ಲ. ಹಿಂದೆ ಬಂದು ಈಗ 'ಇದು ನಮ್ಮೂರು' ಎನ್ನುತ್ತಿದ್ದವರ ಮಕ್ಕಳದ್ದು. ಐವತ್ತು-ಅರವತ್ತು ವರ್ಷದ ಹಿಂದೆ ಇದೇ ಐರಿಶರನ್ನು ಕುಡುಕರು, ಪುಂಡರು ಎಂದು ಅಮೆರಿಕದ ಪತ್ರಿಕೆಗಳು ಚಿತ್ರ ಬರೆದು ಹೀಯಾಳಿಸುತ್ತಿದ್ದವು.

ಆ ವಾರದ ಒಂದು ಘಟನೆಯನ್ನು ಸ್ವಲ್ಪ ನಿಂತು ನೋಡಬೇಕು. ಪೋಲೆಂಡ್ ಮತ್ತು ಲಿಥುವೇನಿಯಾದವರು ಗಲಭೆಯಿಂದ ಹೆಚ್ಚಾಗಿ ದೂರವೇ ಉಳಿದಿದ್ದರು. ಆಗಸ್ಟ್ 2ರ ಬೆಳಗಿನ ಜಾವ ಕಸಾಯಿಖಾನೆಯ ಹಿಂದಿನ ಲಿಥುವೇನಿಯನ್ ಕೇರಿಗೆ ಬೆಂಕಿ ಬಿತ್ತು. 49 ಮನೆ ಸುಟ್ಟು 900ಕ್ಕೂ ಹೆಚ್ಚು ಜನ ಬೀದಿಗೆ ಬಿದ್ದರು. 'ಕಪ್ಪು ಜನ ಬೆಂಕಿ ಹಚ್ಚಿದರು' ಎಂಬ ಸುದ್ದಿ ಹಬ್ಬಿತು. ಆದರೆ ವಿಚಾರಣೆ ನಡೆಸಿದವರ ಅನುಮಾನ ಹೋದದ್ದು ಬೇರೆ ಕಡೆಗೆ: ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ಗ್ಯಾಂಗಿನ ಹುಡುಗರು, ದೂರ ನಿಂತಿದ್ದವರನ್ನೂ ಗಲಭೆಗೆ ಎಳೆಯಲು ಬೆಂಕಿ ಹಚ್ಚಿದರು ಎಂದು.

ಬಬ್ಲಿ ಕ್ರೀಕಿನಲ್ಲಿ ಹತ್ತಾರು ಹೆಣ ತೇಲುತ್ತಿವೆ ಎಂಬ ಸುದ್ದಿಯೂ ಊರೆಲ್ಲ ಹಬ್ಬಿತ್ತು. ಸಾವುಗಳ ತನಿಖೆ ನಡೆಸಿದ ಅಧಿಕಾರಿಗಳಿಗೆ ಅದಕ್ಕೆ ಯಾವ ಆಧಾರವೂ ಸಿಗಲಿಲ್ಲ. ಆಗ ವಾಟ್ಸಾಪ್ ಇರಲಿಲ್ಲ. ಬಾಯಿಮಾತು ಮತ್ತು ಪತ್ರಿಕೆಗಳೇ ಸಾಕಾದವು, ಸತ್ತವರ ಲೆಕ್ಕವನ್ನೂ ಪತ್ರಿಕೆಗಳು ತಪ್ಪಾಗಿ ಬರೆದವು. ನಮ್ಮಲ್ಲಿ 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಕಾರ್ಮಿಕನೊಬ್ಬನನ್ನು, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು, ಮಕ್ಕಳ ಕಳ್ಳರೆಂದು ಜನ ಹೊಡೆದು ಕೊಂದರು. ಇಬ್ಬರೂ ಆ ಜಾಗಕ್ಕೆ ಹೊರಗಿನವರು. ಅದೇ ಜುಲೈಯಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿ ಹಾಕಿತು.

ಬಾಗಿಲು ಮುಚ್ಚಿದರು, ಗ್ಯಾಂಗು ಹೋಯಿತೇ?

'ಹೊರಗಿನವರನ್ನು ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆ' ಎಂಬುದನ್ನು ಅಮೆರಿಕ ಮಾಡಿಯೇ ನೋಡಿತು. 1924ರ ಕಾಯ್ದೆಯ ನಂತರ ಇಟಲಿ, ಪೋಲೆಂಡ್ ಕಡೆಯಿಂದ ಬರುವವರ ಸಂಖ್ಯೆ ಪಾತಾಳಕ್ಕಿಳಿಯಿತು. (ಭಾರತೀಯರಿಗೆ 1917ರಲ್ಲೇ ಬಾಗಿಲು ಮುಚ್ಚಿತ್ತು.) ಗ್ಯಾಂಗುಗಳ ಕಾಟ ಕಡಿಮೆಯಾಗಬೇಕಿತ್ತು, ಅಲ್ಲವೇ? ಚಿಕಾಗೋದ ಅತಿ ಕುಖ್ಯಾತ ಗ್ಯಾಂಗ್ ಯುದ್ಧ ನಡೆದದ್ದು ಅದರ ನಂತರ. 1929ರ ಫೆಬ್ರವರಿ 14ರಂದು ಏಳು ಜನರನ್ನು ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದ 'ವ್ಯಾಲೆಂಟೈನ್ ದಿನದ ಹತ್ಯಾಕಾಂಡ' ಆ ಕಾಲದ್ದೇ.

ಕಾರಣ ಬೇರೆ ಇತ್ತು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ. ಕುಡಿಯುವವರು ಕುಡಿಯುವುದನ್ನು ಬಿಡಲಿಲ್ಲ, ಮಾರುವ ದಂಧೆ ಮಾತ್ರ ಗ್ಯಾಂಗುಗಳ ಕೈಗೆ ಹೋಯಿತು. ಬೀದಿಯಲ್ಲಿ ಹೊಡೆದಾಡಿಕೊಂಡಿದ್ದ ಹುಡುಗರಿಗೆ ಲಾರಿ, ಬಂದೂಕು, ಪೊಲೀಸರಿಗೂ ರಾಜಕಾರಣಿಗಳಿಗೂ ಹಂಚಲು ಹಣ ಎಲ್ಲ ಬಂತು. ಇದರ ರಾಜ ಎನಿಸಿಕೊಂಡ ಅಲ್ ಕಪೋನ್ 'ಇಟಲಿಯಿಂದ ಬಂದ ಮಾಫಿಯಾದವನು' ಎಂದು ಈಗಲೂ ಹೇಳುತ್ತಾರೆ. ಅವನು ಹುಟ್ಟಿದ್ದು 1899ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅವನ ಲೆಕ್ಕಪತ್ರ ನೋಡುತ್ತಿದ್ದವನು ಯಹೂದಿ, ಇನ್ನೊಬ್ಬ ದೊಡ್ಡ ಸಹಾಯಕ ವೆಲ್ಷ್ ಮೂಲದವನು. ಕೊನೆಗೆ 1931ರಲ್ಲಿ ಅವನಿಗೆ ಶಿಕ್ಷೆಯಾದದ್ದು ತೆರಿಗೆ ವಂಚನೆಗೆ.

ಅದೇ 1931ರಲ್ಲಿ ಕೇಂದ್ರ ಸರ್ಕಾರದ ವಿಕರ್‌ಶ್ಯಾಮ್ ಆಯೋಗ, ವಲಸಿಗರು ಮತ್ತು ಅಪರಾಧದ ಬಗ್ಗೆ ವರದಿ ಕೊಟ್ಟಿತು. ಜನಸಂಖ್ಯೆಯ ಪ್ರಮಾಣಕ್ಕೆ ಹೋಲಿಸಿದರೆ ಹೊರದೇಶದಲ್ಲಿ ಹುಟ್ಟಿದವರು ಅಮೆರಿಕದಲ್ಲೇ ಹುಟ್ಟಿದವರಿಗಿಂತ ಕಡಿಮೆ ಅಪರಾಧ ಮಾಡುತ್ತಿದ್ದಾರೆ ಎಂಬುದು ಅದರ ಲೆಕ್ಕ. ವರದಿ ಬಂತು, ಜನರ ಮಾತು ಬದಲಾಗಲಿಲ್ಲ.

ನಕ್ಷೆಯ ಮೇಲಿನ ಚುಕ್ಕೆಗಳು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಜನರಲ್ಲಿದೆಯೋ ಜಾಗದಲ್ಲಿದೆಯೋ?

ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ ಎಂಬ ಇಬ್ಬರು ಸಂಶೋಧಕರು ಮಾಡಿದ್ದು ಸರಳ ಕೆಲಸ. ಚಿಕಾಗೋದಲ್ಲಿ 1899ರಿಂದ ಮಕ್ಕಳಿಗೆಂದೇ ಪ್ರತ್ಯೇಕ ನ್ಯಾಯಾಲಯವಿತ್ತು, ಅಮೆರಿಕದಲ್ಲೇ ಮೊದಲನೆಯದು. ಅಲ್ಲಿಗೆ ಬಂದ ಹುಡುಗರ ಮನೆ ವಿಳಾಸ ತೆಗೆದು ನಗರದ ನಕ್ಷೆಯ ಮೇಲೆ ಚುಕ್ಕೆ ಇಟ್ಟರು. ಮೂರು ಕಾಲಘಟ್ಟ ಆರಿಸಿಕೊಂಡರು: 1900-06, 1917-23, 1927-33. ಪ್ರತಿ ಸಲವೂ ಎಂಟು ಸಾವಿರಕ್ಕೂ ಹೆಚ್ಚು ಹುಡುಗರು.

ಮೂರು ನಕ್ಷೆಗಳೂ ಹೆಚ್ಚು ಕಡಿಮೆ ಒಂದೇ ಥರ ಬಂದವು. ನಗರದ ಮಧ್ಯಭಾಗ ಮತ್ತು ಕಾರ್ಖಾನೆಗಳ ಸುತ್ತ, ಬಾಡಿಗೆ ಅಗ್ಗವಿರುವ ಹಳೆಯ ವಠಾರಗಳಲ್ಲಿ ಚುಕ್ಕೆಗಳು ದಟ್ಟ. ಹೊರಕ್ಕೆ ಹೋದಂತೆಲ್ಲ ವಿರಳ. ಆದರೆ ಆ ಮೂವತ್ತು ವರ್ಷಗಳಲ್ಲಿ ಅಲ್ಲಿ ವಾಸವಿದ್ದ ಜನ ಬದಲಾಗಿಬಿಟ್ಟಿದ್ದರು! ಜರ್ಮನರು, ಐರಿಶರು ಹೋಗಿ ಪೋಲೆಂಡ್, ಇಟಲಿಯವರು ಬಂದಿದ್ದರು. ಕೆಲವು ಕಡೆ ಅವರೂ ಹೋಗಿ ಕಪ್ಪುವರ್ಣೀಯರು ಬಂದಿದ್ದರು. ಬಾಲಾಪರಾಧದ ಪ್ರಮಾಣ ಮಾತ್ರ ಅಲ್ಲೇ ಉಳಿದಿತ್ತು. ಆ ಕೇರಿ ಬಿಟ್ಟು ಒಳ್ಳೆಯ ಬಡಾವಣೆಗೆ ಹೋದ ಸಮುದಾಯಗಳಲ್ಲಿ ಅದು ಇಳಿಯಿತು. ಗ್ಯಾಂಗು ರಕ್ತದಲ್ಲಿ ಇದ್ದಿದ್ದರೆ ಅವರ ಜೊತೆಗೇ ಹೊಸ ಬಡಾವಣೆಗೂ ಹೋಗಬೇಕಿತ್ತು.

ಜಾಗದಲ್ಲಿ ಏನಿತ್ತು ಎಂದರೆ ಮಣ್ಣಿನಲ್ಲೋ ನೀರಿನಲ್ಲೋ ದೋಷವಿತ್ತು ಎಂದಲ್ಲ. ಎಲ್ಲರೂ ಸ್ವಲ್ಪ ದುಡ್ಡು ಕೂಡುತ್ತಲೇ ಬಿಟ್ಟುಹೋಗಲು ಕಾಯುವ ಕೇರಿ ಅದು. ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ. ನಿಮ್ಮ ಮಗ ಬೀದಿಯಲ್ಲಿ ಸಿಗರೇಟು ಸೇದಿದರೆ ಬಂದು ಹೇಳುವ ಅಜ್ಜಿ ಇಲ್ಲ. ಹೇಳಿದರೂ ಭಾಷೆ ತಿಳಿಯುವುದಿಲ್ಲ. ಹುಡುಗರಿಗೆ ಕಣ್ಣೆದುರು ದುಡ್ಡಿನಲ್ಲಿ ಓಡಾಡುವವನು ಎಂದರೆ ಮೂಲೆಮನೆ ರೌಡಿಯೊಬ್ಬನೇ. ಶಾ ಇದಕ್ಕೆ ಮದ್ದನ್ನೂ ಪ್ರಯತ್ನಿಸಿದರು. 1930ರ ದಶಕದಲ್ಲಿ 'ಚಿಕಾಗೋ ಏರಿಯಾ ಪ್ರಾಜೆಕ್ಟ್' ಶುರುಮಾಡಿ, ಹೊರಗಿನ ಉಪದೇಶಕರ ಬದಲು ಅದೇ ಕೇರಿಯ ಜನರನ್ನೇ ಸೇರಿಸಿ ಹುಡುಗರ ಆಟ, ಶಾಲೆ, ಕೆಲಸ ನೋಡಿಕೊಳ್ಳುವ ವ್ಯವಸ್ಥೆ ಮಾಡಿದರು. ಆ ಸಂಸ್ಥೆ ಬಹುಕಾಲ ಬಾಳಿತು.

ಏಣಿ ಹತ್ತಲು ಬಿಡದಿದ್ದಾಗ

ಹಾಗಾದರೆ ಇಂದು ಚಿಕಾಗೋದಲ್ಲಿ ಐರಿಶ್ ಬೀದಿ ಗ್ಯಾಂಗುಗಳು ಯಾಕೆ ಕಾಣುವುದಿಲ್ಲ, ಕಪ್ಪುವರ್ಣೀಯರ ಕೇರಿಗಳಲ್ಲಿ ಯಾಕೆ ಉಳಿದಿವೆ? ಫಾರ್ವರ್ಡ್ ಕಳಿಸುವವರು ಕೇಳಬಹುದಾದ ನ್ಯಾಯವಾದ ಪ್ರಶ್ನೆ ಇದು.

ಐರಿಶರಿಗೆ, ಪೋಲೆಂಡಿನವರಿಗೆ ಕೇರಿ ಬಿಟ್ಟು ಹೋಗಲು ದಾರಿ ಇತ್ತು. ಪೊಲೀಸ್ ಇಲಾಖೆಯಲ್ಲಿ, ನಗರಸಭೆಯಲ್ಲಿ ಕೆಲಸ ಸಿಕ್ಕಿತು. ರಿಚರ್ಡ್ ಡೇಲಿ ಅವರನ್ನೇ ನೋಡಿ. 1919ರ ಗಲಭೆಯಲ್ಲಿ ಹೆಸರು ಕೇಳಿಬಂದ ಹ್ಯಾಂಬರ್ಗ್ ಕ್ಲಬ್ಬಿನ ಸದಸ್ಯರಾಗಿದ್ದರು, 1924ರಲ್ಲಿ ಅದರ ಅಧ್ಯಕ್ಷರಾದರು, 1955ರಿಂದ 1976ರವರೆಗೆ ಚಿಕಾಗೋದ ಮೇಯರ್ ಆಗಿದ್ದರು. ಗಲಭೆಯಲ್ಲಿ ಅವರು ಭಾಗಿಯಾಗಿದ್ದರು ಎಂಬುದಕ್ಕೆ ಸಾಕ್ಷ್ಯ ಸಿಕ್ಕಿಲ್ಲ, ಅದನ್ನೂ ಹೇಳಬೇಕು.

ಕಪ್ಪುವರ್ಣೀಯರಿಗೆ ಆ ಏಣಿಯನ್ನೇ ಎಳೆದುಕೊಂಡರು. 'ಈ ಮನೆಯನ್ನು ಕಪ್ಪುವರ್ಣೀಯರಿಗೆ ಮಾರಕೂಡದು' ಎಂದು ಮನೆಯ ಪತ್ರದಲ್ಲೇ ಬರೆಯುತ್ತಿದ್ದರು. 1948ರಲ್ಲಿ ಸುಪ್ರೀಂ ಕೋರ್ಟು ಇಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದಿತು. ಆದರೂ 1951ರಲ್ಲಿ ಪಕ್ಕದ ಸಿಸೆರೋ ಪಟ್ಟಣದ ಒಂದು ಫ್ಲ್ಯಾಟಿಗೆ ಕಪ್ಪುವರ್ಣೀಯ ಕುಟುಂಬವೊಂದು ಬಂದಾಗ ಸಾವಿರಾರು ಜನ ಮುತ್ತಿಗೆ ಹಾಕಿ ಆ ಕಟ್ಟಡವನ್ನೇ ಹಾಳುಗೆಡವಿದರು. ಒಂದು ಕಾಲಕ್ಕೆ ಕಪೋನ್ ಠಿಕಾಣಿ ಹೂಡಿದ್ದ ಊರು ಈ ಸಿಸೆರೋ! ಆಮೇಲೆ ಸರ್ಕಾರ ಬಡವರಿಗೆಂದು ಕಟ್ಟಿದ ಮನೆಗಳೂ ಕಪ್ಪುವರ್ಣೀಯರ ಕೇರಿಯಲ್ಲೇ ಎದ್ದವು. 1962ರಲ್ಲಿ ಮುಗಿದ ರಾಬರ್ಟ್ ಟೇಲರ್ ಹೋಮ್ಸ್‌ನಲ್ಲಿ 16 ಮಹಡಿಯ 28 ಕಟ್ಟಡ, ಸಾಲಾಗಿ. ಅಷ್ಟರಲ್ಲಿ ಕಸಾಯಿಖಾನೆ, ಉಕ್ಕಿನ ಕಾರ್ಖಾನೆಗಳ ಕೆಲಸ ಊರು ಬಿಡತೊಡಗಿತ್ತು. ಸ್ಟಾಕ್ ಯಾರ್ಡ್ಸ್ 1971ರಲ್ಲಿ ಮುಚ್ಚಿತು.

ಆ ಕಟ್ಟಡಗಳ ಗ್ಯಾಂಗಿನ ಜೊತೆ ವರ್ಷಗಟ್ಟಲೆ ಓಡಾಡಿದ ಸಂಶೋಧಕ ಸುಧೀರ್ ವೆಂಕಟೇಶ್ ಹುಟ್ಟಿದ್ದು ನಮ್ಮ ಪಕ್ಕದ ಚೆನ್ನೈನಲ್ಲಿ. ಡ್ರಗ್ಸ್ ಮಾರುವ ಗ್ಯಾಂಗೊಂದರ ಲೆಕ್ಕದ ಪುಸ್ತಕವೇ ಅವರ ಕೈಗೆ ಸಿಕ್ಕಿತು. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಜೊತೆ ಸೇರಿ 2000ದಲ್ಲಿ ಅದನ್ನು ಬಿಡಿಸಿಟ್ಟರು. ಮೇಲಿನ ನಾಲ್ಕಾರು ಮಂದಿಗೆ ಹಣ, ಬೀದಿಯಲ್ಲಿ ನಿಂತು ಮಾರುವ ಹುಡುಗನಿಗೆ ಸಿಗುತ್ತಿದ್ದದ್ದು ಹೋಟೆಲಿನಲ್ಲಿ ತಟ್ಟೆ ತೊಳೆಯುವವನ ಕೂಲಿಯ ಆಸುಪಾಸು. ಗುಂಡು ತಿನ್ನುವ ಅಪಾಯ ಬೇರೆ. ಆ ಕಟ್ಟಡಗಳಲ್ಲಿ ಕೊನೆಯದನ್ನು 2007ರಲ್ಲಿ ಕೆಡವಿದರು.

ಇವತ್ತಿನ ಸಂಖ್ಯೆಗಳು, ಮತ್ತು ಅವುಗಳನ್ನು ಓದುವ ಬಗೆ

ರಾಬರ್ಟ್ ಸ್ಯಾಂಪ್ಸನ್ ಮತ್ತು ಜೊತೆಗಾರರು ಚಿಕಾಗೋದ 180 ಕೇರಿಗಳ ಸುಮಾರು 3,000 ಮಕ್ಕಳು ಮತ್ತು ಯುವಕರನ್ನು ಏಳೆಂಟು ವರ್ಷ ಗಮನಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ತಾವೇ ವಲಸೆ ಬಂದವರು ಹಿಂಸೆಗಿಳಿಯುವ ಸಾಧ್ಯತೆ, ಮೂರನೇ ತಲೆಮಾರಿನ ಅಮೆರಿಕನ್ನರಿಗೆ ಹೋಲಿಸಿದರೆ ಶೇ 45ರಷ್ಟು ಕಡಿಮೆ. ಅವರ ಮಕ್ಕಳಲ್ಲಿ ಶೇ 22ರಷ್ಟು ಕಡಿಮೆ. ಊರಿಗೆ ಹಳಬರಾದಂತೆ ಊರಿನವರಂತೆಯೇ ಆಗುತ್ತಾರೆ ಎನ್ನಬಹುದು, ಒಳ್ಳೆಯದಕ್ಕೂ ಕೆಟ್ಟದಕ್ಕೂ. ಇದು ಚಿಕಾಗೋದ ಲೆಕ್ಕ. ಎಲ್ಲ ಊರಿಗೂ ಇದೇ ಅಂಕಿ ಹಚ್ಚುವುದು ಸರಿಯಲ್ಲ.

ಶಾ ಮತ್ತು ಮೆಕೇ ನಕ್ಷೆಗೂ ಒಂದು ಮಿತಿ ಇದೆ. ಅವರು ಎಣಿಸಿದ್ದು ಕೋರ್ಟಿಗೆ ಬಂದ ಹುಡುಗರನ್ನು. ಬಡವರ ಕೇರಿಯ ಹುಡುಗ ಕಿಟಕಿ ಗಾಜು ಒಡೆದರೆ ಠಾಣೆಗೆ ಹೋಗುತ್ತಾನೆ, ಬಂಗಲೆಯ ಹುಡುಗ ಒಡೆದರೆ ಅಪ್ಪ ದುಡ್ಡು ಕೊಟ್ಟು ಮುಗಿಸುತ್ತಾನೆ. ಈ ಟೀಕೆ ಆಗಲೇ ಬಂದಿತ್ತು, ಅದು ನ್ಯಾಯವೂ ಹೌದು. ಹಾಗಾಗಿ 'ಬಂಧಿತರಲ್ಲಿ ಇಷ್ಟು ಮಂದಿ ಹೊರಗಿನವರು' ಎಂಬ ಸಂದೇಶ ಬಂದಾಗ ನಾವು ಮೂರು ಮಾತು ಕೇಳಿಕೊಳ್ಳುತ್ತೇವೆ. ಆ ಊರಿನ ಜನಸಂಖ್ಯೆಯಲ್ಲಿ ಅವರ ಪಾಲೆಷ್ಟು? ಅವರಲ್ಲಿ 18ರಿಂದ 30ರ ಗಂಡಸರೆಷ್ಟು? (ಯಾವ ದೇಶದಲ್ಲೇ ಆಗಲಿ ಹೆಚ್ಚಿನ ಅಪರಾಧ ಮಾಡುವುದು ಈ ವಯಸ್ಸಿನ ಗಂಡಸರು, ದುಡಿಯಲು ಒಂಟಿಯಾಗಿ ವಲಸೆ ಬರುವವರೂ ಹೆಚ್ಚಾಗಿ ಅವರೇ.) ಪಟ್ಟಿ ಮಾಡಿದ್ದು ಯಾರು, ಹೇಗೆ?

ಕೊನೆಯ ಪ್ರಶ್ನೆ ಸಣ್ಣದಲ್ಲ. ಚಿಕಾಗೋ ಪೊಲೀಸರು 'ಗ್ಯಾಂಗ್ ಸದಸ್ಯರು' ಎಂದು ದಾಖಲಿಸಿಟ್ಟಿದ್ದ 1.34 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ನಗರದ ಇನ್ಸ್‌ಪೆಕ್ಟರ್ ಜನರಲ್ ಕಚೇರಿ 2019ರಲ್ಲಿ ಪರಿಶೀಲಿಸಿತು. ಅದರಲ್ಲಿ ಶೇ 95ರಷ್ಟು ಮಂದಿ ಕಪ್ಪುವರ್ಣೀಯರು ಮತ್ತು ಲ್ಯಾಟಿನ್ ಅಮೆರಿಕ ಮೂಲದವರು. ಒಮ್ಮೆ ಹೆಸರು ಸೇರಿದರೆ ತೆಗೆಸಲು ದಾರಿಯೇ ಇರಲಿಲ್ಲ. ದಾಖಲೆಗಳಲ್ಲಿ ಕೆಲವರ ವಯಸ್ಸು ನೂರು ದಾಟಿತ್ತು, ಕೆಲವರದ್ದು ಸೊನ್ನೆ ಎಂದಿತ್ತು.